ಗೋಡಂಬಿಗೆ ಶೇ. 70 ಆಮದು ಸುಂಕ: ಯಾವ ವಾದ ನಿಲ್ಲುತ್ತೆ?

ಮಾಪ್ಸಾ ಪೇಟೆ:
ಹೊರದೇಶದ ಗೋಡಂಬಿಯನ್ನೇ ‘ಗೋವಾ ಕಾಜು’ ಅಂತ ಮಾರ್ತಾರೆ, ಆಮದು ಪೂರ್ತಿ ನಿಲ್ಲಿಸಿ ಅನ್ನೋ ಕೂಗಿದೆ. 2019ರ ಬಜೆಟ್‌ನಲ್ಲೇ ತಿರುಳಿನ ಸುಂಕ ಶೇ. 45ರಿಂದ 70ಕ್ಕೆ ಏರಿತ್ತಲ್ಲ? ‘ಎಳೆಯ ಉದ್ಯಮದ ರಕ್ಷಣೆ’ ಅನ್ನೋ ವಾದ ಇದಕ್ಕೆ ಹೊಂದುತ್ತಾ? ಲೆಕ್ಕ ಸಮೇತ ಹೇಳಿ.

ಫೋಂಡಾ ಲೆಕ್ಕಿಗ:
ಹೊಂದಲ್ಲ. 1791ರಲ್ಲಿ ಅಮೆರಿಕದ ಹ್ಯಾಮಿಲ್ಟನ್, 1841ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಲಿಸ್ಟ್ ಆ ವಾದ ಮಂಡಿಸಿದ್ದು ಆಗಷ್ಟೇ ಕಣ್ಣುಬಿಡುತ್ತಿದ್ದ ಉದ್ಯಮಗಳಿಗೆ. ಅಂಥ ಉದ್ಯಮ ಮುಂದೆ ಸುಂಕವಿಲ್ಲದೆ ನಿಲ್ಲಬೇಕು, ಆಗಿನ ಲಾಭ ಇವತ್ತು ಗಿರಾಕಿ ತೆರುವ ಹೆಚ್ಚುವರಿಯನ್ನು ಮೀರಬೇಕು. ಕೊಲ್ಲಂ, ಮಂಗಳೂರಿನ ಗೇರುಬೀಜ ಉದ್ಯಮಕ್ಕೆ ನೂರರ ಹತ್ತಿರ ವಯಸ್ಸು. ಅದನ್ನ ಎಳೆಯದು ಅನ್ನೋದು ಹೇಗೆ?

ಇನ್ನು ಲೆಕ್ಕ. ದರಗಳು ಉದಾಹರಣೆಗೆ ಮಾತ್ರ. ಒಂದು ಕೆಜಿ ತಿರುಳಿಗೆ ಸುಮಾರು 4 ಕೆಜಿ ಹಸಿ ಬೀಜ ಬೇಕು. ತಿರುಳು ₹600, ಬೀಜ ಕೆಜಿಗೆ ₹120 ಆದ್ರೆ ಬೀಜದ ಖರ್ಚು ₹480, ಸುಲಿದು ಸಂಸ್ಕರಿಸೋರಿಗೆ ಉಳಿಯೋದು ₹120. ತಿರುಳಿಗೆ ಶೇ. 70 ಸುಂಕ ಬಿದ್ರೆ ₹1,020. ಬೀಜಕ್ಕೆ 2018ರಲ್ಲಿ ಇಳಿಸಿದ ಶೇ. 2.5 ಸೇರಿಸಿದ್ರೆ ₹492. ಉಳಿಕೆ ₹528, ಅಂದ್ರೆ ಮೊದಲಿನ ₹120ಕ್ಕಿಂತ ₹408 ಹೆಚ್ಚು. ಹಾಳೆ ಮೇಲೆ ಶೇ. 70, ಕಾರ್ಖಾನೆಗೆ ಸಿಗೋ ರಕ್ಷಣೆ ಶೇ. 340! ಒಳಗಿನ ಕಾರ್ಖಾನೆಗಳೇ ಪರಸ್ಪರ ಪೈಪೋಟಿಗೆ ಬಿದ್ದು ಬೆಲೆ ಅಷ್ಟು ಏರದಿದ್ರೆ ಸುಂಕದ ಒಂದಿಷ್ಟು ಭಾಗ ಬರೀ ಕಾಗದದ ಮೇಲೆ ಉಳಿಯುತ್ತೆ, ಅದು ಬೇರೆ.

ವಾಸ್ಕೋ ಬಂದರು:
ಸುಂಕದ ಜೊತೆ ಕನಿಷ್ಠ ಆಮದು ದರವೂ ಇದೆ ಸರ್. 2019ರ ಜೂನ್‌ನಲ್ಲಿ ಅದನ್ನ ಕೆಜಿ ತುಂಡು ತಿರುಳಿಗೆ ₹680, ಇಡೀ ತಿರುಳಿಗೆ ₹720 ಮಾಡಿದ್ರು. ಅದಕ್ಕಿಂತ ಅಗ್ಗದ್ದು ಒಳಗೆ ಬರೋ ಹಾಗಿಲ್ಲ. ಗೋಡೆ ಎತ್ತರ ಆದಷ್ಟೂ ತಿರುಳನ್ನ ಹುರಿದ ಮಾಲು, ಪಶು ಆಹಾರ ಅಂತ ಬೇರೆ ಹೆಸರಲ್ಲಿ ತೋರಿಸೋ ಆಸೆ ಹುಟ್ಟುತ್ತೆ. ತಪಾಸಣೆಯ ಖರ್ಚನ್ನ ಸುಂಕದ ಲೆಕ್ಕದಲ್ಲಿ ಯಾರೂ ಹಿಡಿಯಲ್ಲ.

ಸತ್ತರಿ ತೋಟ:
ಬೆಳೆಗಾರ ಎಲ್ಲಿ ಹೋದ? ಬೀಜಕ್ಕೆ ಸುಂಕ ಬರೀ ಶೇ. 2.5, ಅಂದ್ರೆ ಆಫ್ರಿಕಾದ ಬೀಜದ ದರವೇ ಸತ್ತರಿಯ ದರಕ್ಕೂ ಅಳತೆಗೋಲು. ರಕ್ಷಣೆ ಕಾರ್ಖಾನೆಗೆ, ರೈತರ ಹೆಸರು ಬರೀ ಭಾಷಣಕ್ಕೆ. ಇದನ್ನ ಜೋರಾಗಿ ಹೇಳಲೇಬೇಕು. ಹಾಗಂತ ಬೀಜಕ್ಕೂ ಸುಂಕ ಹಾಕಿದ್ರೆ ಆಮದು ಬೀಜವನ್ನೇ ನೆಚ್ಚಿದ ಕಾರ್ಖಾನೆ ಬಾಗಿಲು ಹಾಕುತ್ತೆ.

ಫೋಂಡಾ ಲೆಕ್ಕಿಗ:
ಹೌದು. ಸ್ವಲ್ಪವಾದ್ರೂ ನಿಲ್ಲೋದು ಉದ್ಯೋಗದ ವಾದ. ತಿರುಳು ಸುಲಿಯೋರು ಹೆಚ್ಚಾಗಿ ಹೆಂಗಸರು, ಕಾರ್ಖಾನೆ ಮುಚ್ಚಿದ್ರೆ ಬೇರೆ ಕೆಲಸ ಹತ್ತಿರದಲ್ಲಿ ಸಿಗಲ್ಲ. ಆದ್ರೆ ಅರ್ಥಶಾಸ್ತ್ರಜ್ಞರಾದ ಜಗದೀಶ್ ಭಗವತಿ ಮತ್ತು ವಿ. ಕೆ. ರಾಮಸ್ವಾಮಿ 1963ರಲ್ಲೇ ತೋರಿಸಿದ ಹಾಗೆ, ಕೊರತೆ ಎಲ್ಲಿದೆಯೋ ಮದ್ದು ಅಲ್ಲಿಗೇ ಹಾಕಬೇಕು. ಕೂಲಿಗೆ ನೇರ ಸಹಾಯಧನ ಕೊಟ್ರೆ ಗಿರಾಕಿ ಕಾಜು ಕತ್ಲಿಗೆ ಹೆಚ್ಚು ತೆರಬೇಕಿಲ್ಲ.

ಇನ್ನು ‘ಗೋವಾ ಕಾಜು’ ಮೋಸ: 2023ರಲ್ಲಿ ಸಿಕ್ಕ ಭೌಗೋಳಿಕ ಗುರುತನ್ನ (GI, ಊರಿನ ಹೆಸರು ಅಲ್ಲಿನ ಮಾಲಿಗೆ ಮಾತ್ರ ಅನ್ನೋ ನೋಂದಣಿ) ಪೊಟ್ಟಣದ ಮೇಲೆ ಕಟ್ಟುನಿಟ್ಟಾಗಿ ಪರಿಶೀಲಿಸಿ, ಬೀಜ ಎಲ್ಲಿಂದ ಬಂತು ಅಂತ ಬರೆಸಿ. ಅದಕ್ಕೆ ಆಮದು ನಿಲ್ಲಿಸಬೇಕಿಲ್ಲ.