ಸ್ನಾಯು ಕುಗ್ಗುತ್ತೆ, ಎಳೆ ಕುಗ್ಗಲ್ಲ: ಇದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಈ ವರ್ಷ ಮೊದಲ ಪಿಯುಸಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಪಾಠ ತಲೆಗೆ ಹತ್ತದಿದ್ದರೆ ಸಂಜೆ ಪುಸ್ತಕ ಹಿಡಿದು ಬರುತ್ತಾಳೆ. ಮೊನ್ನೆ ಸ್ನಾಯು ಸಂಕೋಚನದ ಪಾಠ. ಸಂಕೋಚನ ಅಂದ್ರೆ ಕುಗ್ಗೋದು ಅಂದೆ. ಅವಳು ಚಿತ್ರದ ಮೇಲೆ ಬೆರಳಿಟ್ಟು, "ಆಂಟಿ, ಎರಡೂ ಚಿತ್ರದಲ್ಲಿ ಎಳೆಗಳು ಅಷ್ಟೇ ಉದ್ದ ಇದಾವಲ್ಲ, ಮತ್ತೆ ಕುಗ್ಗಿದ್ದು ಯಾವುದು?" ಅಂದಳು.

ಅವಳು ಕೇಳಿದ್ದು ಸರಿ. ಸ್ನಾಯುವಿನೊಳಗೆ ಎರಡು ಬಗೆಯ ಪ್ರೋಟೀನ್ ಎಳೆ: ದಪ್ಪ ಎಳೆ ಮಯೋಸಿನ್, ತೆಳು ಎಳೆ ಆಕ್ಟಿನ್. ಎರಡೂ ಗಿಡ್ಡ ಆಗಲ್ಲ. ತೆಳು ಎಳೆಗಳು ದಪ್ಪ ಎಳೆಗಳ ಸಂದಿಯೊಳಕ್ಕೆ ಬರುತ್ತವೆ, ಅಷ್ಟೇ. 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಕಂಡು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಹೆಸರು ಒಂದೇ ಆದರೂ ನೆಂಟರಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸ್ನಾಯು ಗಿಡ್ಡವಾದಾಗ ದಪ್ಪ ಎಳೆಗಳಿರುವ ಕಪ್ಪು ಪಟ್ಟೆಯ ಅಗಲ ಹಾಗೇ ಇತ್ತು, ತೆಳು ಎಳೆಗಳಷ್ಟೇ ಇರುವ ತಿಳಿ ಪಟ್ಟೆ ಮಾತ್ರ ಕಿರಿದಾಗಿತ್ತು.

ಎಳೆಗಳು ಹೀಗೆ ಒಳಕ್ಕೆ ಬರೋದನ್ನು ಕನ್ನಡದಲ್ಲಿ ‘ಜಾರುವಿಕೆ’ ಅಂತ ಬರೆಯುವುದುಂಟು. ನನಗೆ ಒಪ್ಪಿಗೆಯಿಲ್ಲ. ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ತಾನಾಗಿ ಜಾರುತ್ತೆ. ಇಲ್ಲಿ ಎಳೆಯೋರು ಇದ್ದಾರೆ.

ಸಕಲೇಶಪುರದ ಕಡೆ ನಮ್ಮಜ್ಜಿ ಮನೆ ಬಾವಿ ನೆನಪಾಯ್ತು. ಅಜ್ಜಿ ಹಗ್ಗ ಹಿಡಿಯೋರು, ಎಳೆಯೋರು, ಆ ಕೈ ಬಿಟ್ಟು ಇನ್ನಷ್ಟು ಮುಂದೆ ಹಿಡಿಯೋರು. ಹಗ್ಗ ಒಂದಿಂಚೂ ಕುಗ್ತಿರಲಿಲ್ಲ, ಕೊಡ ಮೇಲೆ ಬರ್ತಿತ್ತು. ಮಯೋಸಿನ್ ತಲೆ, ಅಂದ್ರೆ ದಪ್ಪ ಎಳೆಯಿಂದ ಹೊರಚಾಚಿದ ತುದಿ, ಮಾಡೋದೂ ಇದನ್ನೇ. ಆಕ್ಟಿನ್ನನ್ನು ಹಿಡಿಯುತ್ತೆ, ಬಾಗಿ ಎಳೆಯುತ್ತೆ, ಬಿಡುತ್ತೆ, ಮುಂದೆ ಹಿಡಿಯುತ್ತೆ. ಒಂದು ಸಲಕ್ಕೆ ಸಾಗೋದು ಕೆಲವೇ ನ್ಯಾನೊಮೀಟರ್. ಆದರೆ ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳು, ಒಂದೊಂದಕ್ಕೂ ಎರಡು ತಲೆ. ಎಲ್ಲವೂ ಒಟ್ಟಿಗೆ ಕೈ ಬಿಡಲ್ಲ, ಅದಕ್ಕೇ ಕೊಡ ವಾಪಸ್ ಬೀಳಲ್ಲ. ಹಿಡಿಯೋಕೆ ಅಪ್ಪಣೆ ಕ್ಯಾಲ್ಸಿಯಂನದು. ಅದು ಬಂದರೆ ಆಕ್ಟಿನ್ ಮೇಲೆ ಮುಚ್ಚಿದ್ದ ಜಾಗ ತೆರೆಯುತ್ತೆ.

ಹಾಗಾಗಿ ‘ಸೇದು’ ಅಂದ್ರೆ ಹೇಗೆ? ಇಡೀ ಸ್ನಾಯು ಕುಗ್ಗುತ್ತೆ, ಒಳಗೆ ಮಯೋಸಿನ್ ಆಕ್ಟಿನ್ನನ್ನು ಸೇದುತ್ತೆ. ಹುಡುಗಿಗೆ ಹೀಗೆ ಹೇಳಿದ ಕೂಡಲೇ ತಿಳೀತು, ಎರಡೂ ಕೈಯಲ್ಲಿ ಇಲ್ಲದ ಹಗ್ಗ ಸೇದಿ ತೋರಿಸಿದಳು.

‘ಬಿಡು’ ಅನ್ನೋ ಮಾತೂ ಮುಖ್ಯ. ಹಿಡಿದದ್ದನ್ನು ಬಿಡೋಕೆ ಎಟಿಪಿ, ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಅಣು, ಬಂದು ಮಯೋಸಿನ್‌ಗೆ ಅಂಟಬೇಕು. ಸತ್ತ ಮೇಲೆ ಎಟಿಪಿ ಮುಗಿಯುತ್ತೆ, ಹಿಡಿದ ತಲೆಗಳು ಹಿಡಿದಂತೇ ಉಳೀತವೆ. ಹೆಣ ಸೆಟೆದುಕೊಳ್ಳೋದು ಅದಕ್ಕೇ. ‘ಸೆಟೆದುಕೊಳ್ಳು’ ಎಷ್ಟು ಒಳ್ಳೆ ಪದ! ‘ಮರಣೋತ್ತರ ಕಾಠಿಣ್ಯ’ ಯಾಕೆ ಬೇಕು ಹೇಳಿ?

ಒಂದು ಅನುಮಾನ ಉಳಿದಿದೆ. ನಡೆದು ಸುಸ್ತಾದಾಗ ನಮ್ಮಲ್ಲಿ ‘ಕಾಲು ಸೇದ್ತಿದೆ’ ಅಂತಾರೆ, ಅದು ನೋವಿನ ಮಾತು. ಪಾಠದಲ್ಲಿ ಎರಡೂ ಅರ್ಥ ಗೊಂದಲ ಮಾಡಬಹುದಾ? ಇನ್ನೊಂದು, ಇದರ ನಾಮಪದ ಏನು ಮಾಡೋಣ? ‘ಸೇದುವಿಕೆ’ ಬಾಯಿಗೆ ಬರಲ್ಲ. ‘ಸೆಳೆತ’ ಆಗಲೇ ಕಾಲು ಹಿಡ್ಕೊಳ್ಳೋದಕ್ಕೆ ಹೋಗಿದೆ. ಹಗ್ಗವನ್ನು ಒಂದು ಸಲ ಎಳೆದು ಕೈ ಬದಲಾಯಿಸೋ ಆ ಒಂದು ಸಲದ ಎಳೆತಕ್ಕೆ ಚಿಕ್ಕಮಗಳೂರು, ಮೂಡಿಗೆರೆ ಕಡೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.