ಬಾವಲಿಯ ರಕ್ತದಲ್ಲಿ ರೇಬೀಸ್ ಪ್ರತಿಕಾಯ ಸಿಕ್ಕರೆ ಏನರ್ಥ?

ಗುಹೆದಾರಿ: ಗುಹೆಯೊಂದರ ರೌಸೆಟಸ್ ಹಣ್ಣುಬಾವಲಿಗಳಲ್ಲಿ ರೇಬೀಸ್ ನಿಗಾಕ್ಕೆ ಯೋಜನೆ ಹಾಕುತ್ತಿದ್ದೇವೆ. ಬಲೆ ಕಟ್ಟಿ, ರಕ್ತ ತೆಗೆದು ಆರ್‌ಎಫ್‌ಎಫ್‌ಐಟಿ (ರೇಬೀಸ್ ವೈರಸ್ ತಡೆಯುವ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿದರೆ ಸಾಕೇ? ಹತ್ತಿರದ ಆಲದ ಮರದಡಿ ದೊಡ್ಡ ಬಾವಲಿಗಳು ಆಗಾಗ ಸತ್ತು ಬೀಳುತ್ತವೆ. ಅವನ್ನು ಫಾರ್ಮಾಲಿನ್‌ನಲ್ಲಿ ಇಡಿಸಿದ್ದೇವೆ. ಪರೀಕ್ಷೆಗೆ ಬರುತ್ತವೆಯೇ?

ಲ್ಯಾಬ್‌ಕೋಟು: ಮೊದಲು ಆ ಫಾರ್ಮಾಲಿನ್ ನಿಲ್ಲಿಸಿ. ಅದರಲ್ಲಿ ನೆನೆದ ಮೆದುಳಿಗೆ ಮಾಮೂಲಿ ಎಫ್‌ಎಟಿ (ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯದಿಂದ ಮೆದುಳಿನಲ್ಲಿ ವೈರಸ್ ಗುರುತಿಸುವ ಪರೀಕ್ಷೆ) ನಡೆಯುವುದಿಲ್ಲ, ವೈರಸ್ ಬೆಳೆಸುವುದಂತೂ ದೂರದ ಮಾತು, ಆರ್‌ಎನ್‌ಎ ಕೂಡ ಚೂರುಚೂರಾಗಿರುತ್ತದೆ. ನಿಮ್ಮ ಯೋಜನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾದರಿ ಆ ಬಿದ್ದ ಬಾವಲಿಗಳೇ. ರೋಗ ಕೊನೆಯ ಹಂತಕ್ಕೆ ಬಂದಾಗಲಷ್ಟೇ ಜೊಲ್ಲಿನಲ್ಲಿ ವೈರಸ್ ಬರುವುದರಿಂದ, ಚೆನ್ನಾಗಿ ಹಾರಾಡಿಕೊಂಡಿರುವುದನ್ನು ಹಿಡಿದು ಬಾಯಿಯ ಸ್ವಾಬ್ ತೆಗೆದರೆ ಬಹುತೇಕ ಖಾಲಿ ಕೈ.

ಹೆಣವನ್ನು ಎರಡು ಚೀಲದಲ್ಲಿ ಕಟ್ಟಿ 4 ಡಿಗ್ರಿಯಲ್ಲಿಟ್ಟು ಆದಷ್ಟು ಬೇಗ ಕಳಿಸಿ. ತಡವಾಗುವುದಾದರೆ ಮೈನಸ್ 80. ಒಮ್ಮೆ ಹೆಪ್ಪುಗಟ್ಟಿಸಿದ್ದನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ. ಎಫ್‌ಎಟಿಗೆ ಮೆದುಳು ಕಾಂಡ, ಕಿರುಮೆದುಳು ಎರಡೂ ಬೇಕು. ಬರೀ ಮುಂಭಾಗ ನೋಡಿ ನೆಗೆಟಿವ್ ಅಂದರೆ ಅದನ್ನು ನಂಬಲಾಗದು. ಕೊಳೆತಿದ್ದರೆ ಎಫ್‌ಎಟಿ ಬಿಟ್ಟು ನೇರ ಪಿಸಿಆರ್‌ಗೆ ಹೋಗಿ. ಆದರೆ ನಾಯಿ ರೇಬೀಸಿನ ಪ್ರೈಮರ್ (ವೈರಸ್ಸಿನ ಜೀನನ್ನು ಗುರುತಿಸುವ ಸಣ್ಣ ತುಣುಕು) ಸಾಲದು, ಎಲ್‌ಎನ್34ರಂಥ ಇಡೀ ಲಿಸ್ಸಾವೈರಸ್ ಕುಲವನ್ನು (ರೇಬೀಸ್ ವೈರಸ್ ಮತ್ತು ಅದರ ಬಳಗ) ಹಿಡಿಯುವ ಪರೀಕ್ಷೆ ಬೇಕು. ಅಸಲಿ ರೇಬೀಸ್ ವೈರಸ್ ಬಾವಲಿಗಳಲ್ಲಿ ನೆಲೆಗೊಂಡಿರುವುದು ಅಮೆರಿಕ ಖಂಡಗಳಲ್ಲಿ. ನಮ್ಮ ಕಡೆ ಹುಡುಕಬೇಕಾದದ್ದು ಅದರ ದಾಯಾದಿಗಳನ್ನು.

ಬಲೆಗಾರ: ರಕ್ತದ ಲೆಕ್ಕ: ದೇಹತೂಕದ ಶೇ. 1 ದಾಟಬಾರದು. 80 ಗ್ರಾಂನ ರೌಸೆಟಸ್‌ನಿಂದ 0.8 ಮಿ.ಲೀ. ಅಂದುಕೊಳ್ಳಿ, ಸೀರಂ (ಕಣಗಳನ್ನು ಬೇರ್ಪಡಿಸಿದ ರಕ್ತದ್ರವ) ಉಳಿಯುವುದು ಅರ್ಧ ಮಾತ್ರ. 5 ಗ್ರಾಂನ ಕೀಟಭಕ್ಷಕ ಬಾವಲಿಯಿಂದ 50 ಮೈಕ್ರೋಲೀಟರ್, ಅಷ್ಟೇ. ರೆಕ್ಕೆಯಂಚಿನ ರಕ್ತನಾಳವನ್ನು 25 ಗೇಜ್ ಸೂಜಿಯಿಂದ ಚುಚ್ಚಿ ಕ್ಯಾಪಿಲರಿಯಲ್ಲಿ ಎಳೆದುಕೊಳ್ಳಿ. ಹತ್ತಿ ಒತ್ತಿ ರಕ್ತ ನಿಂತ ಮೇಲೆಯೇ ಬಿಡಿ. ರಕ್ತಕಣ ಒಡೆದ ಸೀರಂ ಪರೀಕ್ಷೆಯ ಜೀವಕೋಶಗಳನ್ನೇ ಕೊಂದು ಫಲಿತಾಂಶ ಕೆಡಿಸುತ್ತದೆ. ಬಲೆ ಮುಟ್ಟುವವರೆಲ್ಲರಿಗೂ ಮುಂಚೆಯೇ ಲಸಿಕೆ, 0 ಮತ್ತು 7ನೇ ದಿನ. ಕಚ್ಚಿದರೆ ಸೋಪುನೀರಲ್ಲಿ 15 ನಿಮಿಷ ತೊಳೆದು ಅಂದೇ ಬೂಸ್ಟರ್, 3ನೇ ದಿನ ಇನ್ನೊಂದು. ‘ತರಚಿದ್ದು ಅಷ್ಟೇ’ ಅನ್ನುವ ಮಾತು ಬೇಡ, ಬಾವಲಿ ಹಲ್ಲಿನ ಗಾಯ ಕಾಣುವುದೇ ಇಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಕೈಗೆ ಬರುವ ತನಕ ಬಲೆ ಬಿಚ್ಚಬೇಡಿ.

ಸೀರಂಲೆಕ್ಕ: ಶೀರ್ಷಿಕೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಲ್ಲ! ಪ್ರತಿಕಾಯ ಅಂದರೆ ಆ ಬಾವಲಿಗೆ ಎಂದೋ ವೈರಸ್ ತಗುಲಿ, ಅದು ಬದುಕಿಕೊಂಡಿದೆ. ಈಗ ರೋಗವಿದೆ ಅಂತಲ್ಲ. ನಾಗಾಲ್ಯಾಂಡಿನ ಬಾವಲಿಗಳ ಮೇಲೆ ನಿಮ್ಹಾನ್ಸ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆದದ್ದೂ ಇದೇ: ಕೆಲವಕ್ಕೆ ಪ್ರತಿಕಾಯ ಇತ್ತು, ಮೆದುಳಿನಲ್ಲಿ ಏನೂ ಸಿಗಲಿಲ್ಲ. ಶ್ರೀಲಂಕಾದಲ್ಲಿ ಗನ್ನೊರುವ ವೈರಸ್ (2016ರ ವರದಿ) ಸಿಕ್ಕಿದ್ದು ದೊಡ್ಡ ಬಾವಲಿಗಳ ಮೆದುಳಿನಲ್ಲಿ. ನಿಮ್ಮ ಆಲದ ಮರದ್ದೂ ಅದೇ ಜಾತಿ ಇರಬಹುದು.

‘ಮಿ.ಲೀ.ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಪ್ರತಿಕಾಯ ಇದ್ದರೆ ಸಾಕು’ ಎಂಬ ಗೆರೆಯನ್ನು ಬಾವಲಿಗೆ ಎಳೆಯಬೇಡಿ, ಅದು ಲಸಿಕೆ ಪಡೆದ ಮನುಷ್ಯರದ್ದು. ಸೀರಂ ಅನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಹೋಲಿಕೆಗೆ ವೈರಸ್ ಹಾಕದ ಪರೀಕ್ಷಾ ಕುಳಿಯೊಂದನ್ನೂ ಇಟ್ಟು, ನೋಡಿದ ಟೈಟರನ್ನೇ (ಪ್ರತಿಕಾಯದ ಮಟ್ಟ) ಬರೆಯಿರಿ. ಇನ್ನೊಂದು: ಸಿವಿಎಸ್-11 (ಲ್ಯಾಬಿನಲ್ಲಿ ಬಳಸುವ ರೇಬೀಸ್ ವೈರಸ್ ತಳಿ) ಬಳಸಿದ ಪರೀಕ್ಷೆ ಮೊದಲ ಫೈಲೋಗುಂಪಿನ (ಲಿಸ್ಸಾವೈರಸ್‌ಗಳಲ್ಲಿ ರೇಬೀಸ್ ವೈರಸ್ ಸೇರಿದ ಪಂಗಡ) ಪ್ರತಿಕಾಯವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ನೆಗೆಟಿವ್ ಬಂದರೆ ‘ಲಿಸ್ಸಾವೈರಸ್ ಇಲ್ಲ’ ಅಂತ ವರದಿಯಲ್ಲಿ ಬರೆಯುವ ಹಾಗಿಲ್ಲ.