‘ಡಿಕೇ’ಗೆ ‘ಕ್ಷಯ’ ಸಾಕೇ? ಚಾರ್ಮ್ ಬ್ಯಾರಿಯಾನ್ ನೆಪದಲ್ಲಿ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಾರ್ಮ್ ಬ್ಯಾರಿಯಾನ್‌ಗಳ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಮೂರು ಕ್ವಾರ್ಕ್‌ಗಳಲ್ಲಿ ಒಂದಾದರೂ ಚಾರ್ಮ್ ಎಂಬ ಬಗೆಯದಾಗಿರುವ ಕಣಗಳಿವು; ಕ್ವಾರ್ಕ್ ಎಂದರೆ ಪ್ರೋಟಾನಿನಂಥ ಕಣಗಳನ್ನು ಕಟ್ಟಿರುವ ಮೂಲಕಣ. ಚಾರ್ಮ್, ಕ್ವಾರ್ಕ್ ಹೆಸರುಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ‘ಡಿಕೇ’ಗೆ, ಅಂದರೆ ಒಂದು ಕಣ ತಾನಾಗಿಯೇ ಇಲ್ಲವಾಗಿ ಬೇರೆ ಕಣಗಳಾಗುವುದಕ್ಕೆ, ಕನ್ನಡ ಪದ ಹುಡುಕುವುದರಲ್ಲಿ.

ರೂಢಿಯಲ್ಲಿರುವುದು ‘ಕ್ಷಯ’. ಆದರೆ ಕ್ಷಯ ಅಂದರೆ ಕೃಷ್ಣಪಕ್ಷದ ಚಂದ್ರನ ಹಾಗೆ ದಿನದಿನಕ್ಕೆ ಸವೆಯುವುದು ಅಲ್ವಾ? ಕಣ ಹಾಗೆ ಸವೆಯುವುದಿಲ್ಲ. ಹುಟ್ಟಿದ ಗಳಿಗೆಯಲ್ಲಿ ಹೇಗಿತ್ತೋ ಕೊನೆಯವರೆಗೂ ಹಾಗೇ ಇರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಅದಕ್ಕೆ ಮುಪ್ಪೇ ಇಲ್ಲ. ಕಣಗಳ ಗುಂಪಿನ ಲೆಕ್ಕ ಕರಗುತ್ತಾ ಹೋಗುವುದಕ್ಕೆ ‘ಕ್ಷಯ’ ಸರಿ, ಒಂಟಿ ಕಣಕ್ಕೆ ಒಗ್ಗುವುದಿಲ್ಲ.

‘ಒಡೆಯುವುದು’, ‘ವಿಘಟನೆ’ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತವೆ. ಲಾಂಬ್ಡಾ-ಸಿ ಕಣವನ್ನೇ ನೋಡಿ. ಅದರಲ್ಲಿರುವುದು ಅಪ್, ಡೌನ್, ಚಾರ್ಮ್ ಎಂಬ ಮೂರು ಬಗೆಯ ಕ್ವಾರ್ಕ್‌ಗಳು. ತೂಕ 2286 ಎಂಇವಿ (ಕಣಗಳ ತೂಕವನ್ನೂ ಶಕ್ತಿಯನ್ನೂ ಅಳೆಯುವ ಮಾನ), ಅಂದರೆ ಪ್ರೋಟಾನಿನ ಸುಮಾರು ಎರಡೂವರೆ ಪಟ್ಟು. ಅದು ಹಲವು ಬಗೆಯಲ್ಲಿ ಮುಗಿಯುತ್ತದೆ, ಪ್ರಯೋಗ ಮಾಡುವವರಿಗೆ ತುಂಬ ಇಷ್ಟವಾದದ್ದು ಒಂದು ಪ್ರೋಟಾನ್, ಒಂದು ಕೇಯಾನ್, ಒಂದು ಪಯಾನ್ (ಕೊನೆಯ ಎರಡೂ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ ಹಗುರ ಕಣಗಳು) ಆಗುವ ಬಗೆ, ಯಾಕೆಂದರೆ ಮೂರಕ್ಕೂ ವಿದ್ಯುದಂಶ ಇರುವುದರಿಂದ ಡಿಟೆಕ್ಟರಿನಲ್ಲಿ ಮೂರರ ಜಾಡೂ ಸಿಗುತ್ತದೆ. ಈ ಕೇಯಾನಿನಲ್ಲಿ ಸ್ಟ್ರೇಂಜ್ ಕ್ವಾರ್ಕ್ ಇದೆ. ಮೊದಲು ಅದು ಎಲ್ಲೂ ಇರಲಿಲ್ಲ! ದುರ್ಬಲ ಬಲದಿಂದ (ಕ್ವಾರ್ಕಿನ ಬಗೆಯನ್ನೇ ಬದಲಿಸಬಲ್ಲ ಬಲ) ಚಾರ್ಮೇ ಸ್ಟ್ರೇಂಜ್ ಆಯಿತು, ಜೊತೆಗೆ ಬೇಕಾದ ಪ್ರತಿಕ್ವಾರ್ಕ್‌ಗಳು ಹೊಸದಾಗಿ ಹುಟ್ಟಿದವು, ಮೂರೂ ಕಣಗಳ ತೂಕ ಕೂಡಿಸಿದರೂ ಉಳಿಯುವ ಸುಮಾರು 714 ಎಂಇವಿ ಅವುಗಳ ಓಟಕ್ಕೆ ಹೋಯಿತು. ಒಡೆದರೆ ಒಳಗಿದ್ದದ್ದು ಹೊರಗೆ ಬರಬೇಕು, ಇಲ್ಲಿ ಇಲ್ಲದ್ದೂ ಬರುತ್ತದೆ.

ಇನ್ನು ‘ಲೈಫ್‌ಟೈಮ್’. ಇದಕ್ಕೆ ‘ಸರಾಸರಿ ಆಯಸ್ಸು’ ಎಂದು ಬರೆದಿದ್ದೇನೆ. ಸುಮ್ನೆ ‘ಆಯಸ್ಸು’ ಎಂದರೆ ಪ್ರತಿ ಕಣಕ್ಕೂ ಗಡುವು ಬರೆದಿಟ್ಟ ಹಾಗೆ ಕೇಳಿಸುತ್ತದೆ. ‘ಅರ್ಧಾಯು’, ಅಂದರೆ ಗುಂಪಿನ ಅರ್ಧ ಕಣಗಳು ಇಲ್ಲವಾಗಲು ಹಿಡಿಯುವ ಕಾಲ, ಬೇರೆಯದೇ, ಅದು ಸರಾಸರಿಯ ಸುಮಾರು 0.69 ಪಾಲು. ಲಾಂಬ್ಡಾ-ಸಿಗೆ ಸರಾಸರಿ ಸುಮಾರು 200 ಫೆಮ್ಟೋಸೆಕೆಂಡ್. ಸೆಕೆಂಡನ್ನು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ 10 ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಸೆಕೆಂಡ್. ಎರಡು ಸ್ಟ್ರೇಂಜ್ ಇರುವ ಒಮೆಗಾ-ಸಿ ಕಣದ ಆಯಸ್ಸು ಬಹಳ ಕಾಲ ಸುಮಾರು 69 ಎಂದೇ ಪಟ್ಟಿಯಲ್ಲಿತ್ತು. 2018ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ತಂಡ ಅಳೆದಾಗ 268 ಬಂತು, ಎಲ್ಲರಿಗಿಂತ ಅಲ್ಪಾಯು ಎನಿಸಿಕೊಂಡಿದ್ದ ಕಣ ಲಾಂಬ್ಡಾ-ಸಿಯನ್ನೂ ಹಿಂದೆ ಹಾಕಿತು. ಹಳೆಯ ಲೇಖನಗಳಿಂದ ಅಂಕಿ ಎತ್ತಿಕೊಳ್ಳುವವರು ಇದನ್ನು ಗಮನಿಸಿ.

ಸದ್ಯಕ್ಕೆ ನನಗೆ ಹಿಡಿಸಿರುವುದು ‘ಅಳಿವು’. ‘ಲಾಂಬ್ಡಾ-ಸಿ ಅಳಿದು ಪ್ರೋಟಾನ್, ಕೇಯಾನ್, ಪಯಾನ್ ಆಗುತ್ತದೆ’ ಎಂದರೆ ಹೋಗಿದ್ದು ಯಾವುದು, ಆಗಿದ್ದು ಯಾವುದು ಎರಡೂ ಗೊತ್ತಾಗುತ್ತದೆ. ‘ಡಿಕೇ ಚಾನೆಲ್’ ಎಂಬುದಕ್ಕೆ ‘ಅಳಿವಿನ ದಾರಿ’ ಎನ್ನಬಹುದು. ಸಿಗ್ಮಾ-ಸಿ ಎಂಬ ಇನ್ನೊಂದು ಚಾರ್ಮ್ ಬ್ಯಾರಿಯಾನ್ ಪ್ರಬಲ ಬಲದಿಂದ (ಕ್ವಾರ್ಕ್‌ಗಳನ್ನು ಹಿಡಿದಿಡುವ ಬಲ) ಲಾಂಬ್ಡಾ-ಸಿ ಮತ್ತು ಪಯಾನ್ ಆಗುವಾಗ ಚಾರ್ಮ್ ಚಾರ್ಮಾಗಿಯೇ ಉಳಿಯುತ್ತದೆ, ಅಲ್ಲೂ ಈ ಪದ ನಡೆಯುತ್ತದೆ.

ಆದರೆ ಎಲೆಕ್ಟ್ರಾನ್, ಅದರ ಪ್ರತಿಕಣವಾದ ಪಾಸಿಟ್ರಾನ್ ಸೇರಿ ಎರಡೂ ಇಲ್ಲವಾಗುವುದಕ್ಕೆ ಆಗ ಏನನ್ನಬೇಕು? ಅದಕ್ಕೂ ‘ಅಳಿವು’ ಬಳಸಿದರೆ ಗೊಂದಲ ಖಂಡಿತ. ಯಾರಾದರೂ ಬೇರೆ ಪದ ಬಳಸಿದ್ದರೆ, ವಾಕ್ಯದ ಸಮೇತ ತಿಳಿಸಿ.